ಕೆಂಚನ ಸಂಸ್ಕಾರ

ಪಾಣಿನಿಮಹರ್ಷಿಯು ಒಂದು ಸೂತ್ರದಲ್ಲಿ ನಾಯಿಯನ್ನೂ ಯುವಕನನ್ನೂ ದೇವೇಂದ್ರನನ್ನೂ ಒಂದೇ ದಾರದಲ್ಲಿ ಪೋಣಿಸಿರುವನು. ಶ್ವನ್, ಯುವನ್, ಮಘವನ್ ಎಂಬೀ ಮೂರು ಶಬ್ದಗಳಿಗೆ ಕೆಲವು ವಿಭಕ್ತಿಗಳು ಸೇರುವಾಗ ಒಂದೇ ಬಗೆಯ ರೂಪಭೇದವುಂಟಾಗುವುದೆಂಬುದು ಅದರ ತಾತ್ಪರ್ಯ. ಇಂದ್ರನಿಗೂ ನಾಯಿಗೂ ಒಂದೇ ಪಂಕ್ತಿಯೇ ಎಂದು ನಕ್ಕು ಮುಂದಿನ ಸೂತ್ರಕ್ಕೆ ಹೋಗುವುದು ಪಾಠಶಾಲೆಯ ಹುಡುಗರ ವಾಡಿಕೆ. ನಗೆ ಅಡಗಿದ ಮೇಲೆ ಯೋಚಿಸಿದರೆ ಅಲ್ಲೊಂದು ನ್ಯಾಯವು ಕಾಣುವುದು. ವೈಯಾಕರಣನು ಶಬ್ದದ ನಡತೆಯನ್ನು ನೋಡುವನೇ ಹೊರತು, ಅದು ಯಾರನ್ನು ಹೆಸರಿಸುವುದೋ ಅವರ ಕುಲವನ್ನು ವಿಚಾರಿಸನು. ಲೋಕದ ರೀತಿ ಬೇರೆ. ಅದು ಮೊದಲು ಕುಲವನ್ನು ಕೇಳುವುದು. ನಡತೆಯನ್ನು ಆಮೇಲೆ, ಪುರುಸೊತ್ತಾದರೆ ನೋಡುವುದು.

ಮಹಾಭಾರತದ ಆದಿಯಲ್ಲಿ ಒಂದು ನಾಯಿಯುಂಟು, ಅಂತ್ಯದಲ್ಲಿ ಒಂದು ನಾಯಿಯುಂಟು. ಧರ್ಮರಾಜನು ಸ್ವರ್ಗದ ಬಾಗಿಲಲ್ಲಿಯೂ ಕೈಬಿಡದೆ ಉಳಿಸಿಕೊಂಡ ಕಡೆಯ ನಾಯಿಯನ್ನು ಎಲ್ಲರೂ ಬಲ್ಲರು. ಮೊದಲಿನದನ್ನು ನೆನೆಯುವವರು ವಿರಳ. ಜನಮೇಜಯನ ಸತ್ರಶಾಲೆಗೆ ದೇವಶುನಿಯಾದ ಸರಮೆಯ ಮರಿಯೊಂದು ಬಂದಿತು. ಅರಸನ ತಮ್ಮಂದಿರು ಅದನ್ನು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಅತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ‘ನನ್ನ ಮಗನು ಏನು ತಪ್ಪು ಮಾಡಿದನು?’ ಎಂದು ಕೇಳಿದ ತಾಯಿಗೆ ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು, ಕಾಣದೆಡೆಯಿಂದ ಬರುವ ಭಯವು ನಿಮ್ಮನ್ನು ಹಿಡಿಯಲಿ ಎಂದು ಶಪಿಸಿದಳು. ಸರಮೆಯ ಆ ಪ್ರಶ್ನೆಯನ್ನು ಇಂದಿನ ಕಾಲದಲ್ಲಿ ಮತ್ತೊಮ್ಮೆ ಕೇಳಬೇಕಾಗಿ ಬಂದ ಮೈಸೂರಿನ ಒಂದು ಮನೆಯ ವೃತ್ತಾಂತವಿದು.

ಮುಂದೆ ಜಗಲಿ, ಹಿಂದೆ ಹಿತ್ತಲು, ಹಿತ್ತಲಿನಲ್ಲಿ ಎರಡು ತೆಂಗಿನ ಮರ ಇರುವ ಹಳೆಯ ಕಾಲದ ಮನೆ. ಎಪ್ಪತ್ತು ದಾಟಿದ ಅಜ್ಜಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ, ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ಸೊಸೆ, ಎಂಟು ವರ್ಷದ ಮೊಮ್ಮಗಳು, ಇಷ್ಟು ಜನ. ೨೦೨೩ರ ಬೇಸಗೆಯಲ್ಲಿ ಮಗನ ಸಹೋದ್ಯೋಗಿಯೊಬ್ಬರ ಮನೆಯ ನಾಯಿ ಮರಿ ಹಾಕಿತು. ಒಂದನ್ನು ತರುವೆನೆಂದು ಆತನು ಮಗಳಿಗೆ ಮಾತು ಕೊಟ್ಟುಬಿಟ್ಟನು. ಅದು ಪಿಟ್‌ಬುಲ್ ಎಂಬುದು ಅಜ್ಜಿಗೆ ತಿಳಿದದ್ದು ಆಮೇಲೆ.

“ಅಲ್ಲಪ್ಪ, ಲಕ್ನೋದಲ್ಲಿ ಮನೆಯ ಮುದುಕಿಯನ್ನೇ ಕೊಂದಿತು ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದೇ ಜಾತಿಯೇನೋ ಇದು?”

“ಅದೇ ಅಮ್ಮ” ಎಂದು ಮಗನು ತಲೆ ತಗ್ಗಿಸಿದನು.

ಅದು ಸುಳ್ಳು ಸುದ್ದಿಯಾಗಿರಲಿಲ್ಲ. ೨೦೨೨ರ ಜುಲೈ ತಿಂಗಳಲ್ಲಿ ಲಕ್ನೋ ನಗರದ ೮೨ ವರ್ಷದ ವೃದ್ಧೆಯೊಬ್ಬರು ತಮ್ಮ ಮನೆಯಲ್ಲಿಯೇ ಮಗನು ಸಾಕಿದ ಪಿಟ್‌ಬುಲ್ಲಿನಿಂದ ಮೃತರಾದರು. ಈ ಮಾತಿಗೆ ಸೊಸೆಯು ಸಮಾಧಾನದ ಸುಳ್ಳು ಹೇಳಲಿಲ್ಲ. ಮರಿಯನ್ನು ತರುವ ಮೊದಲು ಅದರ ವಂಶವನ್ನೂ ವಿದ್ಯೆಯನ್ನೂ ತಿಳಿಯೋಣ, ತಿಳಿದ ಮೇಲೂ ಬೇಡವೆನಿಸಿದರೆ ಬಿಡೋಣ ಎಂದಳು. ರಾತ್ರಿ ಊಟವಾದ ಮೇಲೆ ತಾನು ಓದಿದುದನ್ನು ಅತ್ತೆಗೆ ಹೇಳುವುದು ಕೆಲವು ದಿನ ನಡೆಯಿತು.

ಇಂಗ್ಲೆಂಡಿನಲ್ಲಿ ಹಿಂದೆ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಛೂಬಿಡುವ ವಿನೋದವು ಬಹುಕಾಲ ನಡೆಯುತ್ತಿದ್ದಿತು. ಗೂಳಿಯ ಮೂತಿಯನ್ನು ಕಚ್ಚಿ ಹಿಡಿದು ಬಿಡದಿರುವುದೇ ಬುಲ್‌ಡಾಗಿನ ಬಿರುದು. ೧೮೩೫ರಲ್ಲಿ ಅಲ್ಲಿಯ ಪಾರ್ಲಿಮೆಂಟು ಶಾಸನ ಮಾಡಿ ಈ ಕ್ರೌರ್ಯವನ್ನು ನಿಷೇಧಿಸಿತು. ಆದರೆ ಜೂಜಿನ ಚಟವು ಶಾಸನದಿಂದ ಹೋಗುವುದೆ? ಗೂಳಿಯನ್ನು ಬಚ್ಚಿಡುವುದು ಕಷ್ಟ. ಎರಡು ನಾಯಿಗಳನ್ನು ಒಂದು ಗುಂಡಿಯೊಳಗಿಳಿಸಿ ಕಾದಿಸುವುದನ್ನು ಯಾವ ನೆಲಮಾಳಿಗೆಯಲ್ಲಾದರೂ ಮಾಡಬಹುದು. ಬುಲ್‌ಡಾಗಿನ ಹಿಡಿತಕ್ಕೆ ಟೆರಿಯರ್ ಎಂಬ ಸಣ್ಣ ನಾಯಿಯ ಚುರುಕನ್ನು ಕೂಡಿಸಿ ಜೂಜುಗಾರರು ಹೊಸ ತಳಿಯೊಂದನ್ನು ಬೆಳೆಸಿದರು. ಕಾಳಗದ ಗುಂಡಿಗೆ ಪಿಟ್ ಎಂದು ಹೆಸರು. ಆ ಹೆಸರು ನಾಯಿಗೂ ಅಂಟಿತು. ವಲಸೆ ಹೋದವರೊಡನೆ ಈ ತಳಿ ಅಮೆರಿಕವನ್ನು ಸೇರಿತು. ಅಲ್ಲಿ ೧೮೯೮ರಲ್ಲಿ ಯುನೈಟೆಡ್ ಕೆನೆಲ್ ಕ್ಲಬ್ ಎಂಬ ಸಂಸ್ಥೆಯು ಇದನ್ನು ‘ಅಮೆರಿಕನ್ ಪಿಟ್ ಬುಲ್ ಟೆರಿಯರ್’ ಎಂದು ದಾಖಲೆ ಮಾಡಿತು. ಅಮೆರಿಕದ ರೈತರು ಇದನ್ನು ಹೊಲಮನೆ ಕಾಯುವುದಕ್ಕೂ ದನ ಹಿಡಿಯುವುದಕ್ಕೂ ಇಟ್ಟುಕೊಂಡರು. ಗುಂಡಿಯ ಜೂಜೂ ಮರೆಯಲ್ಲಿ ನಿಲ್ಲದೆ ನಡೆಯಿತು. ಬ್ರಿಟನ್ನು ೧೯೯೧ರಲ್ಲಿ ಅಪಾಯಕರ ನಾಯಿಗಳ ಶಾಸನ ಮಾಡಿ ತನ್ನ ನೆಲದಲ್ಲಿಯೇ ಹುಟ್ಟಿದ ಈ ತಳಿಯನ್ನು ನಿಷೇಧಿಸಿತು.

“ಜೂಜಾಡಿದವನು ಮನುಷ್ಯ, ಕೆಟ್ಟ ಹೆಸರು ನಾಯಿಗೆ ಬಂತೇ?” ಎಂದಳು ಅಜ್ಜಿ.

“ಹೆಸರು ಮಾತ್ರವಲ್ಲ ಅತ್ತೆ, ರಕ್ತದಲ್ಲಿಯೂ ಒಂದಿಷ್ಟು ಬಂದಿರುತ್ತದೆ” ಎಂದಳು ಸೊಸೆ.

ಆ ಒಂದಿಷ್ಟು ಎಷ್ಟು ಎಂಬುದೇ ವಿವಾದ. ಈ ನಾಯಿಯನ್ನು ಹಳಿಯುವವರು ಅದರ ದವಡೆಗೆ ಬೀಗವಿದೆ, ಒಮ್ಮೆ ಮುಚ್ಚಿದರೆ ಅದಕ್ಕೇ ತೆರೆಯಲಾಗದು ಎನ್ನುವರು. ಅದು ಸುಳ್ಳು, ಅದರ ತಲೆಬುರುಡೆಯಲ್ಲಿ ಬೇರೆ ನಾಯಿಗಳಿಗಿಲ್ಲದ ಯಾವ ಬೀಗವೂ ಇಲ್ಲ, ಇರುವುದು ಬಲವೂ ಹಟವೂ ಮಾತ್ರ. ಹೊಗಳುವವರು ಹಿಂದೆ ಇದನ್ನು ಮಕ್ಕಳ ದಾದಿಯಾಗಿ ಸಾಕುತ್ತಿದ್ದರು ಎನ್ನುವರು. ಅದಕ್ಕೂ ಚರಿತ್ರೆಯಲ್ಲಿ ಆಧಾರವಿಲ್ಲ. ಮೊದಲಿನ ಕಥೆ ನಾಯಿಯನ್ನು ಕೊಲ್ಲಿಸುವುದು. ಎರಡನೆಯದು ಮಗುವನ್ನು ಅಪಾಯಕ್ಕೊಡ್ಡುವುದು. ೨೦೨೨ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆಗಾಗಿ ೧೮,೦೦೦ಕ್ಕೂ ಹೆಚ್ಚು ನಾಯಿಗಳ ವಿಷಯದಲ್ಲಿ ಒಡೆಯರಿಂದ ವಿವರ ಕೇಳಿ, ೨,೧೫೫ ನಾಯಿಗಳ ಆನುವಂಶಿಕ ದ್ರವ್ಯವನ್ನು ಪರೀಕ್ಷಿಸಿದರು. ಒಂದು ನಾಯಿಗೂ ಇನ್ನೊಂದಕ್ಕೂ ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಶೇಕಡಾ ೯ರಷ್ಟೇ ಎಂದು ಅದರಲ್ಲಿ ಕಂಡುಬಂದಿತು. ಹಾಗೆಂದು ತಳಿಯನ್ನು ಮರೆಯಬಹುದೆಂದಲ್ಲ. ಸಣ್ಣ ನಾಯಿಯ ತಪ್ಪು ಗೀರಿನಲ್ಲಿ ಮುಗಿಯುವುದು. ಇದರ ತಪ್ಪು ಆಸ್ಪತ್ರೆಯಲ್ಲಿ ಮುಗಿಯುವುದು. ಆದಕಾರಣ ಈ ನಾಯಿಗೆ ಸಂಸ್ಕಾರವು ಮಿಕ್ಕವುಗಳಿಗಿಂತ ಹೆಚ್ಚಾಗಿ ಬೇಕು.

ಸಂಸ್ಕಾರವೆಂಬ ಮಾತು ಅಜ್ಜಿಗೆ ಕೂಡಲೇ ಹಿಡಿಸಿತು. ಉಪನಯನಕ್ಕೆ ಎಂಟನೆಯ ವರ್ಷವನ್ನು ಹೇಳಿರುವಂತೆ ನಾಯಿಮರಿಗೂ ಒಂದು ವಯಸ್ಸುಂಟು. ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರಿಬ್ಬರು ಅನೇಕ ವರ್ಷ ನಾಯಿಗಳನ್ನು ಸಾಕಿ ಪರೀಕ್ಷಿಸಿ, ೧೯೬೫ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಮರಿಯು ತನ್ನ ಲೋಕದಲ್ಲಿ ಯಾರು ನಂಟರು, ಯಾರು ಅನ್ಯರು ಎಂದು ನಿಶ್ಚಯಿಸುವುದು ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ ಎಂಬುದು ಅವರು ಕಂಡ ಸತ್ಯ. ಆ ಅವಧಿಯಲ್ಲಿ ಮನುಷ್ಯರನ್ನೇ ಕಾಣದ ಮರಿಯು ಮುಂದೆ ಎಷ್ಟು ಸಾಕಿದರೂ ಕಾಡುಪ್ರಾಣಿಯಂತೆ ಬೆದರುವುದು. ಹಲ್ಲಿಗೆ ಹೆಚ್ಚಿನ ವೇಳೆ ಭಯವೇ ಕಾರಣ.

ಸಹೋದ್ಯೋಗಿಯು ಐದನೆಯ ವಾರಕ್ಕೇ ಮರಿಯನ್ನು ಒಯ್ಯಿರೆಂದು ಹೇಳಿಕಳುಹಿಸಿದನು. ಸೊಸೆಯು ಒಪ್ಪಲಿಲ್ಲ. ಆಟದಲ್ಲಿ ಒಡಹುಟ್ಟಿದ ಮರಿಯನ್ನು ಗಟ್ಟಿಯಾಗಿ ಕಚ್ಚಿದರೆ ಅದು ಕಿರಿಚಿ ಆಟವನ್ನು ಬಿಟ್ಟು ಹೋಗುವುದು. ಎಷ್ಟು ಕಚ್ಚಿದರೆ ನೋವು ಎಂಬ ಲೆಕ್ಕವನ್ನು ಮರಿಯು ಹೀಗೆ ಕಲಿಯುವುದು. ಬೇಗನೆ ತಾಯಿಯಿಂದ ಅಗಲಿದ ಮರಿಗೆ ಈ ಪಾಠವು ಅರ್ಧಕ್ಕೇ ನಿಲ್ಲುವುದು. ಎಂಟು ವಾರ ತುಂಬಿ, ಮೊದಲನೆಯ ಲಸಿಕೆಯೂ ಆದ ಮೇಲೆ, ಜೂನ್ ತಿಂಗಳ ಒಂದು ಭಾನುವಾರ ಮರಿಯು ಮನೆಗೆ ಬಂದಿತು. ಮೈ ಕೆಂಚು, ಎದೆಯ ಮೇಲೆ ಬಿಳಿಯ ಮಚ್ಚೆ. ಮೊಮ್ಮಗಳು ಕೆಂಚನೆಂದು ಹೆಸರಿಟ್ಟಳು.

ಉಳಿದಿದ್ದುದು ನಾಲ್ಕೈದು ವಾರಗಳ ಮುಹೂರ್ತ. ಲಸಿಕೆಗಳು ಮುಗಿಯುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಬಿಟ್ಟರೆ ಪಾರ್ವೋ ಎಂಬ ರಕ್ತಭೇದಿಯ ಭಯ. ಮುಗಿಯುವವರೆಗೆ ಮನೆಯೊಳಗೇ ಮುಚ್ಚಿಟ್ಟರೆ ಮುಹೂರ್ತ ತಪ್ಪುವ ಭಯ. ಪಶುವೈದ್ಯರು ಮಧ್ಯಮಾರ್ಗವನ್ನು ತೋರಿಸಿದರು: ನೆಲಕ್ಕಿಳಿಸಬೇಡಿ, ಎತ್ತಿಕೊಂಡು ಲೋಕವನ್ನು ತೋರಿಸಿರಿ. ಅಂದಿನಿಂದ ಕೆಂಚನು ಬಟ್ಟೆಯ ಜೋಳಿಗೆಯಲ್ಲಿ ಕುಳಿತು ದಿನವೂ ಊರು ನೋಡಿದನು. ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಬಸ್ಸಿನ ಹಾರನ್ನು, ಮದುವೆಯ ಓಲಗ, ಶಾಲೆ ಬಿಟ್ಟ ಮಕ್ಕಳ ಗದ್ದಲ, ಹೆಲ್ಮೆಟ್ಟು ತೊಟ್ಟವರು, ಕೊಡೆ ಹಿಡಿದವರು, ಬುರುಕಿ ಹಾಕಿದವರು, ಗಡ್ಡದವರು, ಕೋಲೂರಿ ನಡೆಯುವವರು, ಇವರನ್ನೆಲ್ಲ ಮೊಮ್ಮಗಳು ಒಂದು ನೋಟುಪುಸ್ತಕದಲ್ಲಿ ಕೋಷ್ಟಕ ಮಾಡಿ, ನೋಡಿದವರ ಎದುರಿಗೆ ಗುರುತು ಹಾಕುತ್ತಿದ್ದಳು. ಲಸಿಕೆಗಳೆಲ್ಲ ಆದ ಮೇಲೆ ದಸರೆಯ ಆನೆಗಳ ತಾಲೀಮನ್ನೂ ದೂರದಿಂದ ತೋರಿಸಿದರು. ಆನೆಗಳು ಕೆಂಚನನ್ನು ಲಕ್ಷಿಸಲಿಲ್ಲ. ಕೆಂಚನು ಬಹಳ ಹೊತ್ತು ಬೊಗಳುವುದನ್ನೂ ಮರೆತು ಕುಳಿತನು.

ತೋರಿಸುವುದಷ್ಟೇ ಸಂಸ್ಕಾರವಲ್ಲ, ಹೆದರದಂತೆ ತೋರಿಸುವುದು ಸಂಸ್ಕಾರ. ಮರಿಯ ಬಾಲವು ಕಾಲ ನಡುವೆ ಸೇರಿದರೆ ಹತ್ತು ಹೆಜ್ಜೆ ಹಿಂದಕ್ಕೆ ಬರುವುದು, ಬೇಯಿಸಿದ ಗೆಣಸಿನ ಚೂರೊಂದನ್ನು ಕೊಡುವುದು, ಅದಾಗಿಯೇ ಮುಂದಕ್ಕೆ ಇಣುಕುವವರೆಗೆ ಕಾಯುವುದು, ಇಷ್ಟೇ ವಿಧಿ. ಕುಕ್ಕರಿನ ಸಿಳ್ಳಿಗೆ ಮೊದಲ ದಿನ ಕೆಂಚನು ಮಂಚದ ಕೆಳಗೆ ಅಡಗಿದನು. ಸಿಳ್ಳಿಗೊಂದು ಗೆಣಸಿನ ಚೂರು ಬೀಳತೊಡಗಿದ ಮೇಲೆ, ಒಂದೇ ವಾರದಲ್ಲಿ, ಮೂರನೆಯ ಸಿಳ್ಳಿಗೆ ಸರಿಯಾಗಿ ಅಡಿಗೆಮನೆಯ ಎದುರು ಹಾಜರಾಗುತ್ತಿದ್ದನು. ವೈದ್ಯರು ಮೊಟ್ಟೆಯನ್ನೂ ಹೇಳಿದ್ದರು. ಅದು ಹಿತ್ತಲಿನಲ್ಲಿಯೇ ಬೆಂದು ಹಿತ್ತಲಿನಲ್ಲಿಯೇ ಮುಗಿಯತಕ್ಕದ್ದೆಂದು ಅಜ್ಜಿಯ ಅಪ್ಪಣೆಯಾಯಿತು.

ಕೈ ಕಚ್ಚುವ ಚೇಷ್ಟೆಗೆ ಹೊಡೆತವು ಮದ್ದಲ್ಲ. ಹಲ್ಲು ತಾಗಿದ ಕೂಡಲೇ ಮೊಮ್ಮಗಳು ಕೈಕಟ್ಟಿ ಬೆನ್ನು ತಿರುಗಿಸಿ ಮರದಂತೆ ನಿಲ್ಲುವಳು, ಆಟ ಮುಗಿಯಿತು. ನಾಯಿಮರಿಗೆ ಆಟ ಮುಗಿಯುವುದಕ್ಕಿಂತ ದೊಡ್ಡ ಶಿಕ್ಷೆ ಬೇರಿಲ್ಲ. ಒಂದು ಸಂಜೆ ಅನ್ನದ ತಟ್ಟೆಗೆ ಕೈಯಿಟ್ಟಾಗ ಕೆಂಚನು ಗುರುಗುಟ್ಟಿದನು; ಮಗನು ಪತ್ರಿಕೆಯನ್ನು ಸುರುಳಿ ಸುತ್ತಿ ಹೊಡೆಯಹೋದನು. ಸೊಸೆಯು ಕೈ ಹಿಡಿದಳು. “ಗುರುಗುಟ್ಟುವುದು ಅದರ ಮಾತು. ಮಾತಾಡಿದ್ದಕ್ಕೆ ಹೊಡೆದರೆ ನಾಳೆ ಮಾತಾಡದೆಯೇ ಕಚ್ಚುತ್ತದೆ” ಎಂದಳು. ಮರುದಿನದಿಂದ ತಟ್ಟೆಯ ಬಳಿಗೆ ಹೋದ ಕೈ ತೆಗೆದುಕೊಳ್ಳುವುದನ್ನು ಬಿಟ್ಟು, ರುಚಿಯಾದುದನ್ನು ಹಾಕಿ ಬರತೊಡಗಿತು. ಹತ್ತು ದಿನದಲ್ಲಿ ಕೆಂಚನು ಕೈ ಕಂಡರೆ ಬಾಲವಾಡಿಸಿದನು.

ಇಷ್ಟೆಲ್ಲ ನಡೆಯುವಾಗ ಅಜ್ಜಿಯು ಅವನನ್ನು ಮುಟ್ಟಿದವಳಲ್ಲ. ಮಡಿಯ ಹೆಂಗಸು. ಅಡಿಗೆಮನೆಗೂ ದೇವರಮನೆಗೂ ಅವನು ಕಾಲಿಡಕೂಡದು. ಅವಳು ಕೋಲನ್ನು ಎತ್ತಲಿಲ್ಲ, ಗೆಣಸನ್ನೂ ಕೊಡಲಿಲ್ಲ. ಅಂಗೈಯನ್ನು ಮುಂದೆ ಹಿಡಿದು “ಹೊಸ್ತಿಲು” ಎನ್ನುವಳು. ಅವನು ಹಿಂದೆ ಸರಿಯುವವರೆಗೆ ಅಲುಗದೆ ನಿಲ್ಲುವಳು. ಮಗನು ಹಬ್ಬದ ದಿನ ಸಡಿಲ ಬಿಡುವನು, ಮೊಮ್ಮಗಳು ಮುದ್ದಿಗೆ ಸೋಲುವಳು, ಸೊಸೆಯೂ ದಣಿದ ದಿನ ಕಂಡೂ ಕಾಣದಂತಿರುವಳು. ಅಜ್ಜಿಯ ‘ಹೊಸ್ತಿಲು’ ಮಾತ್ರ ದಿನಕ್ಕೆ ಇಪ್ಪತ್ತು ಸಲ, ಒಂದು ಸಲವೂ ತಪ್ಪದೆ, ಒಂದೇ ದನಿಯಲ್ಲಿ ಬರುವುದು. ನಾಯಿಯ ಶಿಕ್ಷಣದಲ್ಲಿ ಪುಸ್ತಕಗಳೆಲ್ಲ ಬೋಧಿಸುವ ಏಕರೂಪತೆಯು ಆ ಮನೆಯಲ್ಲಿ ಪುಸ್ತಕ ಓದದವಳಿಗೇ ಸಿದ್ಧಿಸಿದ್ದಿತು.

ಆ ವರ್ಷದ ದೀಪಾವಳಿಯ ರಾತ್ರಿ ಬೀದಿಯಲ್ಲಿ ಪಟಾಕಿಗಳ ಸರಮಾಲೆ ಸಿಡಿಯಿತು. ಬಾಗಿಲು ಕಿಟಕಿಗಳನ್ನು ಮುಚ್ಚಿದ್ದರೂ ಏಳು ತಿಂಗಳ ಕೆಂಚನು ನಡುಗುತ್ತ ಮನೆಯೆಲ್ಲ ಓಡಿ, ಕಡೆಗೆ ಅಜ್ಜಿಯು ಕುಳಿತಿದ್ದ ದೇವರಮನೆಯ ಕಡೆ ಬಂದನು. ಬಂದವನು ಹೊಸ್ತಿಲ ಬಳಿ ನಿಂತುಬಿಟ್ಟನು. ಮೈ ಅದಿರುತ್ತಿದ್ದಿತು, ಬಾಯಿಂದ ಜೊಲ್ಲು ಸುರಿಯುತ್ತಿದ್ದಿತು, ಒಳಗೆ ಒಂದು ಹೆಜ್ಜೆಯಷ್ಟು ದೂರದಲ್ಲಿ ಆಶ್ರಯವಿದ್ದಿತು. ಆದರೂ ಕಾಲನ್ನು ಒಳಗಿಡಲಿಲ್ಲ. ಅಜ್ಜಿಯು ಸ್ವಲ್ಪ ಹೊತ್ತು ನೋಡಿದಳು. ಜಪಮಾಲೆಯನ್ನು ಕೆಳಗಿಟ್ಟು ಎದ್ದು ಬಂದು, ಹೊಸ್ತಿಲಿನ ಹೊರಗೆ ಕುಳಿತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸದ್ದು ಅಡಗಿದುದು ಹನ್ನೊಂದು ಗಂಟೆಯ ಮೇಲೆ. ಆಮೇಲೆ ಹೋಗಿ ತಣ್ಣೀರಿನಲ್ಲಿ ಸ್ನಾನ ಮಾಡಿ ಜಪವನ್ನು ಮುಗಿಸಿದಳು. ಈ ವಿಷಯವಾಗಿ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ.

೨೦೨೪ರ ಮಾರ್ಚ್ ೧೨ರಂದು ಕೇಂದ್ರ ಸರ್ಕಾರದ ಪಶುಸಂಗೋಪನೆಯ ಇಲಾಖೆಯು ರಾಜ್ಯಗಳಿಗೆ ಒಂದು ಸುತ್ತೋಲೆಯನ್ನು ಕಳುಹಿಸಿತು. ಪಿಟ್‌ಬುಲ್ ಮೊದಲಾದ ೨೩ ತಳಿಗಳು ಮನುಷ್ಯರ ಪ್ರಾಣಕ್ಕೆ ಅಪಾಯಕರವಾದುದರಿಂದ ಅವುಗಳ ಮಾರಾಟಕ್ಕೂ ಸಾಕಣೆಗೂ ಪರವಾನಗಿ ಕೊಡಕೂಡದೆಂದೂ, ಈಗಾಗಲೇ ಮನೆಗಳಲ್ಲಿರುವುವಕ್ಕೆ ಸಂತಾನಶಕ್ತಿಯನ್ನು ತೆಗೆಯಿಸಬೇಕೆಂದೂ ಅದರ ಸಾರಾಂಶ. ನೆರೆಯ ಗೃಹಸ್ಥರೊಬ್ಬರು ಪತ್ರಿಕೆಯನ್ನು ಹಿಡಿದು ಬಂದರು. “ಇನ್ನಾದರೂ ಎಲ್ಲಿಗಾದರೂ ಸಾಗಿಸಿಬಿಡಿ ಅಮ್ಮ. ಮಕ್ಕಳು ಓಡಾಡುವ ಬೀದಿ.”

ಅವರ ಭಯವು ಹುಸಿಯಾಗಿರಲಿಲ್ಲ; ಅವರಿಗೂ ಮೊಮ್ಮಕ್ಕಳಿದ್ದರು. ಅಜ್ಜಿಯು ಕೇಳಿದುದು ಇಷ್ಟೇ: “ಅದು ಏನು ತಪ್ಪು ಮಾಡಿದೆ, ಹೇಳಿ.” ಸರಮೆಯ ಪ್ರಶ್ನೆಯನ್ನೇ ತಾನು ಕೇಳುತ್ತಿರುವೆನೆಂಬುದು ಅವಳ ಮನಸ್ಸಿಗೆ ಬಂದಿತೋ ಇಲ್ಲವೋ.

ಸೊಸೆಯು ಅವರಿಗೆ ಅಮೆರಿಕದ ಒಂದು ಸಂಗತಿಯನ್ನು ತಿಳಿಸಿದಳು. ೨೦೦೭ರಲ್ಲಿ ವರ್ಜೀನಿಯ ಸಂಸ್ಥಾನದಲ್ಲಿ ಪ್ರಸಿದ್ಧ ಆಟಗಾರನೊಬ್ಬನ ಜಮೀನಿನಿಂದ, ಕಾಳಗಕ್ಕೆಂದೇ ಸಾಕಿದ್ದ ಸುಮಾರು ೫೦ ಪಿಟ್‌ಬುಲ್ಲುಗಳನ್ನು ಸರ್ಕಾರವು ವಶಪಡಿಸಿಕೊಂಡಿತು. ಇಂತಹ ನಾಯಿಗಳನ್ನು ಸಾಮಾನ್ಯವಾಗಿ ಒಟ್ಟಿಗೆ ಕೊಲ್ಲಿಸುತ್ತಿದ್ದರು. ಈ ಸಲ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಲಾಯಿತು. ಕ್ರೂರಸ್ವಭಾವದ ಕಾರಣದಿಂದ ಕೊಲ್ಲಲ್ಪಟ್ಟುದು ಒಂದು ಮಾತ್ರ. ೨೨ ನಾಯಿಗಳು ಯೂಟಾ ಸಂಸ್ಥಾನದ ಒಂದು ಆಶ್ರಯಧಾಮಕ್ಕೆ ಹೋದವು. ಕೆಲವು ಮಕ್ಕಳಿರುವ ಮನೆಗಳನ್ನು ಸೇರಿದವು. ಒಂದಂತೂ ಓದು ಬಾರದೆ ನಾಚುವ ಮಕ್ಕಳು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತು ಕೇಳುವ ಉದ್ಯೋಗವನ್ನು ಕೈಕೊಂಡಿತು. “ಎಲ್ಲವೂ ಹಾಗಾಗಲಿಲ್ಲ. ಕೆಲವು ಕಡೆಯವರೆಗೆ ಆಶ್ರಯಧಾಮದ ಬೇಲಿಯೊಳಗೇ ಇರಬೇಕಾಯಿತು” ಎಂಬುದನ್ನೂ ಅವಳು ಸೇರಿಸಿಯೇ ಹೇಳಿದಳು.

ಏಪ್ರಿಲ್ ೧೦ರಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳಿ ವಿಧಿಪ್ರಕಾರ ಹೊಸ ನಿಯಮ ಮಾಡಲು ಸರ್ಕಾರಕ್ಕೆ ಅಡ್ಡಿಯಿಲ್ಲವೆಂದೂ ತಿಳಿಸಿತು. ಮಗನು ಸಿಹಿ ತಂದನು. ಸೊಸೆಯು ಮಾತ್ರ, ನ್ಯಾಯಾಲಯವು ತೀರ್ಪು ಕೊಟ್ಟುದು ಸುತ್ತೋಲೆಗೇ ಹೊರತು ಕೆಂಚನಿಗಲ್ಲ ಎಂದಳು.

ಅವಳ ಮಾತು ಆ ವರ್ಷದ ಕೊನೆಗೆ ಸಾರ್ಥಕವಾಯಿತು. ಕೆಂಚನಿಗೆ ಆಗ ಹತ್ತೊಂಬತ್ತು ತಿಂಗಳು, ೨೪ ಕಿಲೋ ತೂಕ. ಬೆಳಗಿನ ತಿರುಗಾಟದಲ್ಲಿ ಬೀದಿಯ ನಾಯಿಯೊಂದು ಬೊಗಳುತ್ತ ಎದುರಾಯಿತು. ಅದುವರೆಗೆ ಬಾಲವಾಡಿಸಿ ಬರುತ್ತಿದ್ದವನು ಅಂದು ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬೆನ್ನಿನ ಕೂದಲೆದ್ದಿತು; ಮೈ ಬಿಲ್ಲಿನಂತೆ ಬಿಗಿಯಿತು. ಮಗನು ಎರಡು ಕೈಗಳಿಂದಲೂ ಚೈನನ್ನು ಹಿಡಿದು, ಕಾಲನ್ನು ಒತ್ತಿ ನಿಂತು ತಿರುಗಿಸಬೇಕಾಯಿತು. ಯಾರಿಗೂ ಗಾಯವಾಗಲಿಲ್ಲ. ಮನೆಗೆ ಬಂದ ಮೇಲೂ ಅವನ ಕೈ ನಡುಗುತ್ತಿದ್ದಿತು. ಈ ತಳಿಯಲ್ಲಿ ಬೇರೆ ನಾಯಿಗಳ ಮೇಲಿನ ಹಗೆ ಒಂದರಿಂದ ಮೂರು ವರ್ಷದೊಳಗೆ, ಪ್ರಾಯದೊಡನೆ, ಎಷ್ಟೋ ವೇಳೆ ತಲೆಯೆತ್ತುವುದೆಂದು ಪಶುವೈದ್ಯರು ಮೊದಲೇ ಹೇಳಿದ್ದರು. ಗುಂಡಿಯ ಜೂಜುಗಾರರು ಬಿತ್ತಿದ ಬೀಜವು ನೂರಾರು ವರ್ಷದ ಮೇಲೆ ಮೈಸೂರಿನ ಬೀದಿಯಲ್ಲಿ ಮೊಳೆಯಿತು.

ಅಂದಿನಿಂದ ಕೆಲವು ಕಟ್ಟುಗಳು ಏರ್ಪಟ್ಟವು. ಗೇಟಿನ ಒಳಗೆ ಇನ್ನೊಂದು ಗೇಟು. ಹೊರಗೆ ಹೊರಟರೆ ಒಕ್ಕಣೆಯ ಎತ್ತಿಗೆ ಕಟ್ಟುವಂತಹ ಬಾಯಿಕುಕ್ಕೆ. ಅದನ್ನೂ ಗೆಣಸು ತೋರಿಸಿಯೇ ಅಭ್ಯಾಸ ಮಾಡಿಸಿದರು. ಚೈನು ದೊಡ್ಡವರ ಕೈಯಲ್ಲಿ ಮಾತ್ರ. ವೈದ್ಯರ ಸಲಹೆಯಂತೆ ಸಂತಾನಹರಣದ ಶಸ್ತ್ರಚಿಕಿತ್ಸೆಯೂ ಆಯಿತು. ಅದೊಂದರಿಂದಲೇ ಸ್ವಭಾವ ಬದಲಾಗದೆಂದು ಅವರು ಎಚ್ಚರಿಸಿದರು. ಎಲ್ಲಕ್ಕಿಂತ ಮುಖ್ಯವಾದುದು, ಮೊದಲ ದಿನದಿಂದಲೂ ನಡೆದುಬಂದ ನಿಯಮ: ಮಗುವೂ ನಾಯಿಯೂ ಇರುವೆಡೆ ದೊಡ್ಡವರೊಬ್ಬರು ಇರಲೇಬೇಕು, ಒಂದು ಕ್ಷಣಕ್ಕೂ ಬಿಡಕೂಡದು.

ಮೊಮ್ಮಗಳು ಕಣ್ಣಲ್ಲಿ ನೀರು ತಂದುಕೊಂಡಳು. “ಕೆಂಚನ ಮೇಲೆ ನಿಮಗೆಲ್ಲ ನಂಬಿಕೆಯಿಲ್ಲ” ಎಂದಳು.

“ಬಾವಿಗೆ ಕಟ್ಟೆ ಕಟ್ಟುವುದು ಬಾವಿಯ ಮೇಲಿನ ಸಿಟ್ಟಿನಿಂದಲ್ಲ ಮಗು” ಎಂದಳು ಅಜ್ಜಿ. “ಆ ನೀರನ್ನೇ ಕುಡಿಯಬೇಕಲ್ಲ, ಅದಕ್ಕೆ.”

ಕುಲವನ್ನು ಕೇಳಿಯೇ ಹೊಡೆಯುವುದು ಜನಮೇಜಯನ ತಮ್ಮಂದಿರ ತಪ್ಪು. ಕುಲವನ್ನು ಕೇಳದೆಯೇ ಮುದ್ದಿಸುವುದು ಇನ್ನೊಂದು ತಪ್ಪು. ಅದರ ಬೆಲೆಯನ್ನು ತೆರುವವರು ಮಕ್ಕಳೂ ವೃದ್ಧರೂ, ಆಮೇಲೆ ನಾಯಿಯೂ. ಕೈಬಿಡದಿರುವುದೇ ಧರ್ಮರಾಜನ ಮಾರ್ಗವಾದರೆ, ಸಂಸಾರಸ್ಥರ ಪಾಲಿಗೆ ಅದರ ಅರ್ಥವು ಚೈನನ್ನೂ ಕೈಬಿಡದಿರುವುದೆಂದಾಗುವುದು.

ಈಗ ಸಂಜೆಯ ವೇಳೆ ಆ ಜಗಲಿಯ ಮೇಲೆ ಮೊಮ್ಮಗಳು ಪಾಠವನ್ನು ಗಟ್ಟಿಯಾಗಿ ಓದುವಳು. ಅಜ್ಜಿಯು ಬತ್ತಿ ಹೊಸೆಯುತ್ತ ಪಕ್ಕದಲ್ಲಿಯೇ ಇರುವಳು. ಕೆಂಚನು ಇಬ್ಬರ ನಡುವೆ ಗಲ್ಲವನ್ನು ನೆಲಕ್ಕೂರಿ ಕಣ್ಣು ಮುಚ್ಚಿರುವನು. ಒಳಗೆ ಕುಕ್ಕರು ಮೂರನೆಯ ಸಲ ಸಿಳ್ಳು ಹಾಕಿದರೆ ಎದ್ದು ಹೋಗಿ ಅಡಿಗೆಮನೆಯ ಹೊಸ್ತಿಲಿನ ಈಚೆಗೆ ಕುಳಿತುಕೊಳ್ಳುವನು. ಮೊನ್ನೆ ದಾರಿಹೋಕರೊಬ್ಬರು ಗೇಟಿನ ಬಳಿ ನಿಂತು, “ಕಚ್ಚುತ್ತದೆಯೇ ಅಮ್ಮ?” ಎಂದು ಕೇಳಿದರು.

“ಇದುವರೆಗೆ ಇಲ್ಲಪ್ಪ” ಎಂದಳು ಅಜ್ಜಿ. “ನೀವು ಗೇಟಿನ ಆಚೆಯೇ ನಿಂತು ಮಾತಾಡಿ.”